ಮರೆಯಾದ ಕಡಲುಗಳಿಗೆ ಅಮೋನೈಟ್ ಸಾಕ್ಷಿ

ಕಾಸರಗೋಡಿನ ಮುರಕಲ್ಲನ್ನು ಎಷ್ಟು ಅಗೆದರೂ ಅಮೋನೈಟ್ ಎಂಬ, ಸುರುಳಿ ಚಿಪ್ಪಿನ ಅಳಿದುಹೋದ ಕಡಲಜೀವಿಯ ಪಳೆಯುಳಿಕೆ ಸಿಗಲಾರದು. ತಳದ ಶಿಲೆ ಚಿಪ್ಪಿನ ಜೀವಿಗಳು ಹುಟ್ಟುವುದಕ್ಕೂ ಬಹಳ ಹಿಂದಿನದು. ಆದರೆ ಕುಂಬಳೆ, ಬದಿಯಡ್ಕದ ಕಡೆಯ ಹಳೆಯ ಮನೆಗಳ ದೇವರಕೋಣೆಯಲ್ಲಿ ಅದು ಇದ್ದೀತು. ಸಾಲಿಗ್ರಾಮದಲ್ಲಿ ಚಕ್ರವೆಂದು ಕಾಣುವುದು ಬಹುಮಟ್ಟಿಗೆ ಅಮೋನೈಟಿನ ಸುರುಳಿ ಅಥವಾ ಅದರ ಅಚ್ಚು. ನೇಪಾಳದ ಗಂಡಕಿ ನದಿ ಹಿಮಾಲಯದಿಂದ ಉರುಳಿಸಿ ತರುವ ಈ ಕಪ್ಪು ಕಲ್ಲುಗಳು ಸುಮಾರು 15 ಕೋಟಿ ವರ್ಷಗಳ ಹಿಂದೆ ಈಗ ಇಲ್ಲವಾದ ಟೆಥಿಸ್ ಸಮುದ್ರದ ಕೆಸರಿನಲ್ಲಿ ರೂಪುಗೊಂಡವು. ಈಗ ಹಿಮ ಮುಚ್ಚಿದ ಎತ್ತರದಲ್ಲಿ ಅಂದು ಕಡಲಿತ್ತು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಅಮೋನೈಟ್ ನಮ್ಮ ಮೀನುಪೇಟೆಯ ಬೊಂಡಾಸಿನ (ಸ್ಕ್ವಿಡ್) ದೂರದ ಬಂಧು, 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳ ಕಾಲ ಮುಗಿದಾಗ ಇದೂ ನಾಮಾವಶೇಷವಾಯಿತು. ಮೇಲ್ಪದರ ಉದುರಿದ ಪಳೆಯುಳಿಕೆಯನ್ನು ಓರೆಬೆಳಕಿನಲ್ಲಿ ಹಿಡಿದರೆ, ಒಳಕೋಣೆಗಳ ಗೋಡೆಗಳು ಚಿಪ್ಪನ್ನು ಸೇರಿದ ಗೆರೆಗಳು ಕೊತ್ತಂಬರಿ ಎಲೆಯ ಅಂಚಿನಂತೆ ಕವಲೊಡೆದು ಕಾಣುತ್ತವೆ. ಈ ಗೆರೆಗಳಿಂದಲೂ ಚಿಪ್ಪಿನ ಏಣುಗಳಿಂದಲೂ ತಜ್ಞರು ಪ್ರಭೇದವನ್ನು ಗುರುತಿಸುತ್ತಾರೆ. ಹಲವು ಪ್ರಭೇದಗಳು ಹತ್ತು ಲಕ್ಷ ವರ್ಷಗಳಷ್ಟೋ ಅದಕ್ಕಿಂತ ಕಡಿಮೆಯೋ ಬಾಳಿ ಅಳಿದುದರಿಂದ, ದೂರದೂರದ ಪದರಗಳು ಒಂದೇ ಕಾಲದವೆಂದು ತೀರ್ಮಾನಿಸುವುದು ಸಾಧ್ಯವಾಗುತ್ತದೆ. ಕಾಲ ಹೊಂದದಿದ್ದರೆ ಮುಂದಿನ ಯಾವ ಹೋಲಿಕೆಗೂ ಬೆಲೆಯಿಲ್ಲ.

ಅಂದಿನ ಕಡಲು, ನೆಲಗಳು ಎಲ್ಲೆಲ್ಲಿದ್ದವು ಎಂಬ ಭೂಗೋಳದ ಪ್ರಶ್ನೆ ಅಲ್ಲಿಂದ ಆರಂಭವಾಗುತ್ತದೆ. ತಮಿಳುನಾಡಿನ ತಿರುಚಿರಾಪಳ್ಳಿ, ಅರಿಯಲೂರು ಸೀಮೆಯ ಕ್ರಿಟೇಷಿಯಸ್ (ಡೈನೋಸಾರ್‌ಗಳ ಕೊನೆಯ ಯುಗದ) ಅಮೋನೈಟ್‌ಗಳನ್ನು 1860ರ ದಶಕದಲ್ಲಿ ಪಳೆಯುಳಿಕೆ ತಜ್ಞ ಫರ್ಡಿನಾಂಡ್ ಸ್ಟೊಲಿಚ್ಕಾ ವಿವರವಾಗಿ ವರ್ಣಿಸಿದರು. ಆ ಸೀಮೆಯ ಕಡಲಜೀವಿಗಳು ದಕ್ಷಿಣ ಆಫ್ರಿಕಾದ ನೇಟಾಲ್‌ ಮತ್ತು ಮಡಗಾಸ್ಕರ್‌ಗಳ ಜೀವಿಗಳನ್ನು ಹೋಲಿದರೆ, ನರ್ಮದಾ ಕಣಿವೆಯ ಬಾಘ್ ಪದರಗಳ ಜೀವಿಗಳು ಅರೇಬಿಯಾ, ಯುರೋಪುಗಳತ್ತ ಬೊಟ್ಟುಮಾಡಿದವು. ದೂರದ ಆಫ್ರಿಕಾದೊಂದಿಗೆ ನಂಟು, ಹತ್ತಿರದ ನರ್ಮದೆಯೊಂದಿಗೆ ಇಲ್ಲ! ಎರಡು ಕಡಲುಗಳ ನಡುವೆ ನೆಲ ಅಡ್ಡವಾಗಿತ್ತು ಎಂಬುದೇ ಇದರ ಅರ್ಥ. 19ನೆಯ ಶತಮಾನದ ವಿದ್ವಾಂಸರು ಈ ನಂಟಿಗೆ ಮುಳುಗಿಹೋದ ಭೂಖಂಡವೊಂದನ್ನು ಕಲ್ಪಿಸಿಕೊಂಡರು; ಖಂಡಗಳೇ ಚಲಿಸಿದವು ಎಂದು ತಿಳಿದ ಮೇಲೆ ಆ ಕಲ್ಪನೆ ಬೇಡವಾಯಿತು. ಮಡಗಾಸ್ಕರ್ ಸುಮಾರು 9 ಕೋಟಿ ವರ್ಷಗಳ ಹಿಂದಿನವರೆಗೂ ಭಾರತದ ಪಶ್ಚಿಮ ಅಂಚಿಗೆ ಅಂಟಿಕೊಂಡಿತ್ತು. ಆದ್ದರಿಂದ ಬೇಕಲಕೋಟೆಯ ಬುರುಜಿನಿಂದ ಇಂದು ಕಾಣುವ ಕಡಲು ಅಂದು ಅಲ್ಲಿರಲಿಲ್ಲ. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಗಳ ಜ್ವಾಲಾಮುಖಿ ಶಿಲೆ ಆ ಬೇರ್ಪಡೆಯ ಕಾಲದ್ದು.

ಈ ಸಾಕ್ಷಿಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಅಂಥದೇ ಸುರುಳಿ ಚಿಪ್ಪಿನ ಇಂದಿನ ಕಡಲಜೀವಿ ನಾಟಿಲಸ್ ಸತ್ತ ಮೇಲೆ ಅದರ ಚಿಪ್ಪು ಗಾಳಿ ತುಂಬಿದ ಕೋಣೆಗಳ ಬಲದಿಂದ ತೇಲುತ್ತ, ಅದು ಎಂದೂ ಬದುಕಿರದ ದಡಗಳನ್ನು ಸೇರುತ್ತದೆ. ಅಮೋನೈಟಿನ ಚಿಪ್ಪೂ ಹಾಗೆಯೇ ತೇಲಿಬಂದಿರಬಹುದು. ಹಾಗಾಗಿ ಒಂಟಿ ಚಿಪ್ಪಿನ ಮೇಲೆ ನಕ್ಷೆ ಬರೆಯುವುದು ಅವಸರದ ಕೆಲಸವೆಂದು ನನ್ನ ಅಭಿಪ್ರಾಯ. ಒಂದೇ ಪದರದಲ್ಲಿ ಮರಿಗಳೂ ಬಲಿತವೂ ಒಟ್ಟಿಗೆ ಸಿಕ್ಕರೆ, ಚಿಪ್ಪಿನ ಬಾಯಿಯಲ್ಲಿ ದವಡೆಯ ಫಲಕಗಳು ಕದಲದೆ ಉಳಿದಿದ್ದರೆ, ಆ ಪ್ರಾಣಿ ಅಲ್ಲಿಯೇ ಬಾಳಿ ಸತ್ತಿತೆಂದು ಧೈರ್ಯವಾಗಿ ಹೇಳಬಹುದು.