ಪಂಕ್ಚರ್ ಹಾಕಿಸಿದ ಮೇಲೆ ಬೈಕ್ ಒಂದು ಕಡೆ ಎಳೆಯೋದು ಯಾಕೆ?

ಪ್ರಶ್ನೆ: ಹಿಂದಿನ ಚಕ್ರ ಬಿಚ್ಚಿಸಿ ಪಂಕ್ಚರ್ ಹಾಕಿಸಿದೆ. ಆಮೇಲೆ ಬೈಕ್ ಒಂದು ಕಡೆ ಎಳೆಯುತ್ತಿದೆ, ಚೈನ್‌ನಿಂದ ಕರಕರ ಸದ್ದು ಬೇರೆ. ಚಕ್ರ ನೇರ ಕೂರಿಸೋಕೆ ಎರಡೂ ಬದಿ ಕೊಟ್ಟಿರುವ ಗೆರೆ ಸಮವಾಗೇ ಇವೆ. ಮತ್ತೇನು ತೊಂದರೆ?

ಉತ್ತರ: ಆ ಗೆರೆಗಳನ್ನು ಪೂರ್ತಿ ನಂಬಬೇಡಿ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ಕವಲು) ಮೇಲಿನ ಗುರುತು ಅಂದಾಜಿಗೆ ಮಾತ್ರ, ಸ್ವಲ್ಪ ಆಚೀಚೆ ಇರಬಹುದು, ಹಳೇ ಗಾಡಿಯಾದರೆ ಅಡ್ಜಸ್ಟರ್ (ಚಕ್ರ ಹಿಂದೆ ಮುಂದೆ ಸರಿಸುವ ತಿರುಪು) ಬಗ್ಗಿರಲೂಬಹುದು. ಸ್ವಿಂಗ್ ಆರ್ಮ್ ಚಾಸಿಗೆ ಸೇರುವ ಬೋಲ್ಟಿನ ನಡುವಿನಿಂದ ಹಿಂದಿನ ಆಕ್ಸಲ್ಲಿನ (ಚಕ್ರದ ನಡುವೆ ಹಾದುಹೋಗುವ ಸರಳು) ನಡುವಿಗೆ ಟೇಪ್ ಹಿಡಿದು ಎರಡೂ ಬದಿ ಅಳೆಯಿರಿ. ಎರಡೂ ಒಂದೇ ಬರಬೇಕು.

ಆಮೇಲೆ ಬೈಕ್ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೈನ್ ಉದ್ದಕ್ಕೂ ಕಣ್ಣು ಹಾಯಿಸಿ. ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಬಿಟ್ಟ ಕೂಡಲೇ ಅದು ಸೊಟ್ಟ ಹೊರಟಿದ್ದರೆ ಚಕ್ರ ವಾರೆಯಾಗಿದೆ. ಸ್ಪ್ರಾಕೆಟ್ ಹಲ್ಲುಗಳ ಒಂದೇ ಪಕ್ಕ ಉಜ್ಜಿ ಮಿರಮಿರ ಹೊಳೆಯುತ್ತಿದ್ದರೆ, ಈ ರೋಗ ಪಂಕ್ಚರ್‌ಗಿಂತ ಮೊದಲಿನದು, ಅಂಗಡಿಯವರನ್ನು ಸುಮ್ನೆ ಬೈಯಬೇಡಿ.

ಹೆಚ್ಚಾಗಿ ಕೆಡೋದು ಬಿಚ್ಚುವಾಗ ಅಲ್ಲ, ಕೊನೆಗೆ ನಟ್ ಬಿಗಿಯುವಾಗ. ಸ್ಪಾನರ್ ಜೋರಾಗಿ ಎಳೆದರೆ ಆಕ್ಸಲ್ ಜರುಗುತ್ತದೆ. ಅದಕ್ಕೇ ಕೆಳಗಿನ ಚೈನ್ ಮತ್ತು ಹಿಂದಿನ ಸ್ಪ್ರಾಕೆಟ್ ನಡುವೆ ಮಡಿಸಿದ ಬಟ್ಟೆ ಇಟ್ಟು, ಚಕ್ರವನ್ನು ಕೈಯಲ್ಲೇ ಸ್ವಲ್ಪ ಮುಂದಕ್ಕೆ ತಿರುಗಿಸಿ ಚೈನ್ ಬಿಗಿ ಮಾಡಿಕೊಳ್ಳಿ, ಆಗ ಆಕ್ಸಲ್ ಅಡ್ಜಸ್ಟರ್‌ಗೆ ಒತ್ತಿಕೊಂಡು ಅಲ್ಲಾಡದೆ ನಿಲ್ಲುತ್ತದೆ, ನಟ್ ಬಿಗಿಯಿರಿ. ಇಂಜಿನ್ ಆಫ್ ಇರಲೇಬೇಕು. ಚೈನ್‌ಗೆ ಬೆರಳು ಸಿಕ್ಕರೆ ಬೆರಳೇ ಹೋಗುತ್ತದೆ. ಡ್ರಮ್ ಬ್ರೇಕ್ ಇದ್ದರೆ, ಒಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿದಿರಲಿ, ಶೂಗಳು (ಬ್ರೇಕ್ ಹಿಡಿಯುವ ಪಟ್ಟಿಗಳು) ಡ್ರಮ್ ಒಳಗೆ ನಡುವೆ ಕೂರುತ್ತವೆ.

ಸ್ಪ್ಲೆಂಡರ್ ತರಹದ ಗಾಡಿಗಳಲ್ಲಿ ಇನ್ನೊಂದು ಸಂಗತಿ ಇದೆ. ಚೈನ್ ಬದಿಯಲ್ಲಿ ಆಕ್ಸಲ್ ನಟ್ ಜೊತೆಗೆ ಸ್ಪ್ರಾಕೆಟ್ ಭಾಗವನ್ನು ಸ್ವಿಂಗ್ ಆರ್ಮ್‌ಗೆ ಹಿಡಿದಿಡುವ ದೊಡ್ಡ ಸ್ಲೀವ್ ನಟ್ ಒಂದಿರುತ್ತದೆ. ಅದನ್ನು ಮುಟ್ಟದೆ ಆಕ್ಸಲ್ ಎಳೆದರೆ ಸ್ಪ್ರಾಕೆಟ್, ಚೈನ್ ಗಾಡಿಯಲ್ಲೇ ಉಳಿದು ಚಕ್ರ ಮಾತ್ರ ಹೊರಬರುತ್ತದೆ, ಪಂಕ್ಚರ್‌ಗೆ ಅಷ್ಟು ಸಾಕು. ಚೈನ್ ಅಡ್ಜಸ್ಟ್ ಮಾಡಬೇಕಾದರೆ ಮಾತ್ರ ಎರಡನ್ನೂ ಸಡಿಲಿಸಬೇಕು. ಸ್ಲೀವ್ ನಟ್ ಬಿಗಿಯಾಗಿದ್ದಾಗಲೇ ಅಡ್ಜಸ್ಟರ್ ತಿರುವಿದರೆ ಒಂದು ಬದಿ ಮಾತ್ರ ಸರಿಯುತ್ತದೆ. ವಾರೆಯಾಗೋಕೆ ಇಷ್ಟೇ ಸಾಕು, ಅಲ್ವಾ? ನಿಮ್ಮದೂ ಇದೇ ಇರಬಹುದು ಅಂತ ನನ್ನ ಅನುಮಾನ.

ಆಕ್ಸಲ್ ಎಳೆಯುವಾಗ ಬೀಳುವ ಬುಶ್ (ಆಕ್ಸಲ್ ಮೇಲೆ ಕೂರುವ ಕೊಳವೆ ತುಂಡು), ವಾಷರ್ ಯಾವ ಬದಿಯದು ಅಂತ ಫೋನಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಬುಶ್ ಅದಲುಬದಲಾದರೆ ಚಕ್ರವೇ ಪಕ್ಕಕ್ಕೆ ಸರಿದು ಕೂರುತ್ತದೆ, ಆಗ ಅಡ್ಜಸ್ಟರ್ ಎಷ್ಟು ತಿರುವಿದರೂ ಪ್ರಯೋಜನ ಇಲ್ಲ.

ಚೈನ್ ಸಡಿಲ ಎಷ್ಟಿರಬೇಕು ಅನ್ನೋದು ಗಾಡಿಯ ಪುಸ್ತಕದಲ್ಲೇ ಇದೆ. ಚಕ್ರ ತಿರುಗಿಸುತ್ತಾ ಮೂರ್ನಾಲ್ಕು ಕಡೆ ನೋಡಿ, ತುಂಬ ಬಿಗಿ ಇರುವ ಕಡೆ ಅಳತೆ ಮಾಡಿ. ಬ್ರೇಕ್ ಪ್ಲೇಟ್ ಹಿಡಿಯುವ ಟಾರ್ಕ್ ರಾಡ್‌ನ ನಟ್ ಮತ್ತು ಸ್ಪ್ಲಿಟ್ ಪಿನ್ ವಾಪಸ್ ಹಾಕಿದ್ದೀರಾ ಅಂತ ಎರಡೆರಡು ಸಲ ನೋಡಿ. ಅದು ಬಿಚ್ಚಿಕೊಂಡರೆ ಬ್ರೇಕ್ ಒತ್ತಿದಾಗ ಪ್ಲೇಟೇ ತಿರುಗಿ ಚಕ್ರ ಹಿಡಿದುಕೊಳ್ಳಬಹುದು.

ಇಷ್ಟೆಲ್ಲ ಸರಿ ಇದ್ದೂ ಗಾಡಿ ಎಳೆಯುತ್ತಿದ್ದರೆ ಮುಂದಿನ ಚಕ್ರ, ಸ್ವಿಂಗ್ ಆರ್ಮ್ ಬುಶ್ ಕಡೆ ನೋಡಿಸಿ.