ರಂಧ್ರ ಅನಿಲ ಒತ್ತಡ: ಬಂಡೆಯನ್ನು ಒಳಗಿನಿಂದ ಸಡಿಲಿಸುವ ಬಲ

ಬಂಡೆ ಎಂದರೆ ಒಳಗೆಲ್ಲ ಗಟ್ಟಿ ಎಂದೇ ನಾವು ಅಂದುಕೊಳ್ಳುತ್ತೇವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣಗಳ ನಡುವೆ ಸಂದುಗಳು, ಕೂದಲಿಗಿಂತ ಸಣ್ಣ ಬಿರುಕುಗಳು ಕಾಣುತ್ತವೆ. ಮರಳುಗಲ್ಲಿನಲ್ಲಿ ಇಂಥ ಜಾಗ ನೂರಕ್ಕೆ 20 ಭಾಗ ಇರುವುದುಂಟು. ಗ್ರಾನೈಟಿನಲ್ಲಿ 1 ಭಾಗವೂ ಇರದಿರಬಹುದು. ನೆಲದಾಳದ ಈ ಸಂದುಗಳಲ್ಲಿ ನೀರೋ, ಎಣ್ಣೆಯೋ, ಅನಿಲವೋ ತುಂಬಿರುತ್ತದೆ. ಹೀಗೆ ಸಿಕ್ಕಿಕೊಂಡ ಅನಿಲ ಸುತ್ತಲಿನ ಕಲ್ಲನ್ನು ಒಳಗಿನಿಂದ ತಳ್ಳುತ್ತಲೇ ಇರುತ್ತದೆ. ಅದೇ ರಂಧ್ರ ಅನಿಲ ಒತ್ತಡ.

ಪದದಲ್ಲೇ ಒಂದು ತೊಡಕಿದೆ. ಮೇಲಿನ ಕಲ್ಲಿನ ಭಾರ ಅದುಮುವುದನ್ನೂ ನಾವು ಒತ್ತಡ ಎನ್ನುತ್ತೇವೆ, ಒಳಗಿನ ಅನಿಲ ತಳ್ಳುವುದನ್ನೂ ಒತ್ತಡ ಎನ್ನುತ್ತೇವೆ. ಇವೆರಡೂ ಒಂದಕ್ಕೊಂದು ಎದುರಾಳಿಗಳು. ಅದಕ್ಕೇ ಹೊರಗಿನದನ್ನು ಇಲ್ಲಿ ಸುಮ್ನೆ 'ಅದುಮು' ಎಂದು ಕರೆಯುತ್ತೇನೆ.

ಅದುಮಿದಷ್ಟೂ ಬಂಡೆ ಗಟ್ಟಿಯಾಗುತ್ತದೆ. ಹತ್ತು ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ, ಎರಡೂ ತುದಿಯಿಂದ ಅಂಗೈಯಲ್ಲಿ ಒತ್ತಿ ಎತ್ತಿ ನೋಡಿ. ಇಡೀ ಸಾಲು ಒಂದೇ ದಿಮ್ಮಿಯಂತೆ ಮೇಲೇಳುತ್ತದೆ. ಕೈ ಸಡಿಲಿಸಿದರೆ ನಡುವಿನ ಪುಸ್ತಕ ಜಾರಿ ಬೀಳುತ್ತದೆ. ಕಾಗದ ಬದಲಾಗಲಿಲ್ಲ, ತಿಕ್ಕಾಟ ಕಡಿಮೆಯಾಯಿತು ಅಷ್ಟೆ. ಬಂಡೆಯ ಕಣಗಳೂ ಬಿರುಕಿನ ಎರಡು ಮಗ್ಗುಲೂ ಹೀಗೇ ತಿಕ್ಕಾಟದಿಂದ ನಿಂತಿರುತ್ತವೆ. ಒಳಗಿನ ಅನಿಲ ಅವನ್ನು ದೂರ ತಳ್ಳಿದಾಗ ಅಂಗೈ ಸಡಿಲಿಸಿದಂತೆಯೇ ಆಗುತ್ತದೆ.

ಲೆಕ್ಕ ಹಾಕಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 1 ಕಿಲೋಮೀಟರ್ ಆಳದಲ್ಲಿ ಮೇಲಿನ ಕಲ್ಲಿನ ಅದುಮು ಸುಮಾರು 25 ಮೆಗಾಪಾಸ್ಕಲ್, ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 250 ಪಟ್ಟು. ಒಳಗಿನ ಅನಿಲ 10ರಷ್ಟು ತಳ್ಳುತ್ತಿದ್ದರೆ ಕಣಗಳ ಪಾಲಿಗೆ ಉಳಿಯುವುದು 15. ಅನಿಲ 20ಕ್ಕೆ ಏರಿದರೆ ಉಳಿಯುವುದು ಬರೀ 5. ಹೊರಗೆ ಏನೂ ಬದಲಾಗಿಲ್ಲ, ಆದರೆ ಜಾರದಂತೆ ಹಿಡಿದಿದ್ದ ತಿಕ್ಕಾಟ ಮೂರನೇ ಒಂದಕ್ಕೆ ಇಳಿಯಿತು! ಹೀಗೆ ಕಳೆದು ಉಳಿಯುವ ಅದುಮಿಗೆ 'ಪರಿಣಾಮಿ ಒತ್ತಡ' ಎನ್ನುತ್ತಾರೆ. 1920ರ ದಶಕದಲ್ಲಿ ಎಂಜಿನಿಯರ್ ಕಾರ್ಲ್ ಟೆರ್ಜಾಗಿ ಇದನ್ನು ನೀರು ತುಂಬಿದ ಮಣ್ಣಿಗಾಗಿ ಕಂಡುಕೊಂಡರು. ಕಣಗಳು ಬಿಗಿಯಾಗಿ ಅಂಟಿದ ಕಲ್ಲಿನಲ್ಲಿ ರಂಧ್ರ ಒತ್ತಡವನ್ನು ಪೂರ್ತಿ ಕಳೆಯುವಂತಿಲ್ಲ, ಒಂದು ಪಾಲನ್ನಷ್ಟೇ ಕಳೆಯಬೇಕು. ಆ ಪಾಲನ್ನು ಹೇಳುವ ಅಂಕಿಗೆ ಭೌತವಿಜ್ಞಾನಿ ಮಾರಿಸ್ ಬಯೋ ಅವರ ಹೆಸರಿದೆ.

ಮುರಿಯುವ ರೀತಿಯೂ ಬದಲಾಗುತ್ತದೆ. ತುಂಬಾ ಅದುಮಿನಲ್ಲಿರುವ ಕಲ್ಲು ಮುರಿಯುವ ಬದಲು ನಿಧಾನವಾಗಿ ಬಾಗುವುದುಂಟು. ಅದೇ ಕಲ್ಲಿನೊಳಗೆ ಅನಿಲದ ಒತ್ತಡ ಏರಿದರೆ ಮತ್ತೆ ಪೆಡಸಾಗಿ ಫಟ್ಟನೆ ಸಿಡಿಯಬಹುದು.

ಇಲ್ಲಿಯವರೆಗೆ ಹೇಳಿದ್ದು ನೀರಿಗೂ ಹೊಂದುತ್ತದೆ. ಅನಿಲವನ್ನೇ ಬೇರೆಯಾಗಿ ಓದಬೇಕು ಏಕೆಂದರೆ ಅದು ಕುಗ್ಗುತ್ತದೆ, ಹಿಗ್ಗುತ್ತದೆ. ಬಿರುಕು ಸ್ವಲ್ಪ ತೆರೆದುಕೊಂಡರೆ ನೀರಿನ ಒತ್ತಡ ತಟ್ಟನೆ ಬೀಳುತ್ತದೆ. ಅನಿಲ ಹಾಗಲ್ಲ. ಜಾಗ ಸಿಕ್ಕಷ್ಟೂ ಹಿಗ್ಗುತ್ತಾ, ಬಿರುಕನ್ನು ಇನ್ನಷ್ಟು ಸೀಳುತ್ತಾ, ಮುರಿದ ಚೂರುಗಳನ್ನು ಹೊತ್ತುಕೊಂಡೇ ಹೊರಗೆ ನುಗ್ಗುತ್ತದೆ. ಮುರಿಯುವುದಕ್ಕೆ ಬೇಕಾದ ಶಕ್ತಿ ಕಲ್ಲಿನೊಳಗೇ ಕೂಡಿಟ್ಟಂತೆ ಇರುತ್ತದೆ, ಅಲ್ವಾ? ಜ್ವಾಲಾಮುಖಿಯಲ್ಲೂ ಇದೇ ನಡೆಯುತ್ತದೆ. ಮೇಲಿನ ಭಾರ ಇದ್ದಕ್ಕಿದ್ದಂತೆ ಸರಿದಾಗ, ಗುಳ್ಳೆ ತುಂಬಿದ ಶಿಲಾಪಾಕ ಸಿಡಿದು ಬೂದಿಯಾಗುತ್ತದೆ.

ಕಲ್ಲಿದ್ದಲಿನ ಗಣಿಯಲ್ಲಿ ಇದು ಪ್ರಾಣದ ಪ್ರಶ್ನೆ. ಕಲ್ಲಿದ್ದಲಿನಲ್ಲಿರುವ ಮೀಥೇನ್ ಎಂಬ ಹೊತ್ತಿಕೊಳ್ಳುವ ಅನಿಲ ಸಂದುಗಳಲ್ಲಿ ಓಡಾಡುವುದು ಸ್ವಲ್ಪವೇ. ಜಾಸ್ತಿ ಭಾಗ ಒಳಗಿನ ಗೋಡೆಗಳಿಗೆ ಅಂಟಿಕೊಂಡಿರುತ್ತದೆ. ಹಾಗೆ ಅಂಟಿದ ಅನಿಲ ಕಲ್ಲಿದ್ದಲನ್ನು ಒಂದಿಷ್ಟು ಊದಿಸಿ, ಅದರ ಕಸುವನ್ನೂ ತಗ್ಗಿಸುತ್ತದೆ. ಗಣಿಯವರು ಮುಂದಿನ ಪದರವನ್ನು ಕತ್ತರಿಸಿದಾಗ ಆ ಮುಖದ ಮೇಲಿನ ಅದುಮು ಹೆಚ್ಚುಕಡಿಮೆ ಸೊನ್ನೆಗೆ ಬರುತ್ತದೆ. ಒಳಗಿನ ಅನಿಲಕ್ಕೆ ಅಷ್ಟು ಬೇಗ ಹೊರಬರಲು ದಾರಿಯಿಲ್ಲ. ಹಾಗಾಗಿ ಅದು ಕಲ್ಲಿದ್ದಲನ್ನು ಹೊರಕ್ಕೆ ತಳ್ಳಿ ಸೀಳುತ್ತದೆ. ಕಲ್ಲು ಅದುಮನ್ನು ತಡೆಯುವಷ್ಟು ಸೀಳುವಿಕೆಯನ್ನು ತಡೆಯುವುದಿಲ್ಲ. ಸಾಮಾನ್ಯವಾಗಿ ಹತ್ತನೇ ಒಂದರಷ್ಟೇ ಅದರ ತಾಕತ್ತು. ಒಂದು ಪದರ ಎದ್ದು ಬರುತ್ತದೆ, ಅದರ ಹಿಂದಿನದು ಬಯಲಾಗುತ್ತದೆ, ಅದೂ ಏಳುತ್ತದೆ. ಒತ್ತಡ ಇಳಿದ ಕಡೆ ಗೋಡೆಗೆ ಅಂಟಿದ್ದ ಮೀಥೇನ್ ಬಿಟ್ಟುಕೊಂಡು ಬಂದು ಸಂದುಗಳನ್ನು ಮತ್ತೆ ತುಂಬುತ್ತದೆ. 1981ರ ಅಕ್ಟೋಬರ್‌ನಲ್ಲಿ ಜಪಾನಿನ ಯೂಬಾರಿಯ ಗಣಿಯೊಂದರಲ್ಲಿ ಹೀಗೆ ಅನಿಲ ನುಗ್ಗಿತು. ಆಮೇಲೆ ಬೆಂಕಿಯೂ ಹೊತ್ತಿತು. 93 ಜನ ಸತ್ತರು.

ಆದ್ದರಿಂದಲೇ ಅಪಾಯದ ಪದರಗಳಲ್ಲಿ ಕತ್ತರಿಸುವ ಮೊದಲೇ ಉದ್ದುದ್ದ ತೂತು ಕೊರೆದು ಅನಿಲವನ್ನು ಹೊರಗೆ ಹರಿಯಬಿಡುತ್ತಾರೆ. ಬಿಗಿಯಾದ ಕಲ್ಲಿದ್ದಲಿನಲ್ಲಿ ಅನಿಲ ಬಹಳ ನಿಧಾನವಾಗಿ ಹರಿಯುವುದರಿಂದ ಇದಕ್ಕೆ ಎಷ್ಟೋ ತಿಂಗಳು ಹಿಡಿಯಬಹುದು. ಅಷ್ಟು ಕಾಯಲೇಬೇಕು. ಅನಿಲ ಹೊರಹೋದಷ್ಟೂ ಕಣಗಳ ಪಾಲಿನ ಅದುಮು ಹೆಚ್ಚುತ್ತದೆ, ಅದೇ ಕಲ್ಲಿದ್ದಲು ಗಟ್ಟಿಯಾಗುತ್ತಾ ಬರುತ್ತದೆ.