ಗುಡ್ಡ ಮಾಡಿದೆ, ಹುಲ್ಲು ಹಾಸಿದೆ, ಮರ ನೆಟ್ಟೆ. ಆದರೂ ನನ್ನ ರೈಲು ಲೇಔಟ್ ಆಟಿಕೆ ಥರ ಯಾಕೆ ಕಾಣುತ್ತದೆ?

ಪ್ರಶ್ನೆ: ನನ್ನದು ಎಚ್‌ಓ ಸ್ಕೇಲ್, ಪ್ಲೈವುಡ್ ಹಲಗೆ ಮೇಲೆ ಕಟ್ಟಿದ ಪುಟ್ಟ ಮಾದರಿ ರೈಲಿನ ಲೇಔಟ್. ಹಳಿ, ವೈರಿಂಗ್ ಎಲ್ಲ ಮುಗಿದ ಮೇಲೆ ಹಸಿರು ಹುಲ್ಲಿನ ಹಾಸು ಅಂಟಿಸಿದೆ. ಒಂದು ಮೂಲೆಯಲ್ಲಿ ಗುಡ್ಡ, ಅದಕ್ಕೊಂದು ಸುರಂಗ, ಸುತ್ತ ಇಪ್ಪತ್ತು ಮರ. ನೋಡಿದವರೆಲ್ಲ "ಆಟಿಕೆ ಚೆನ್ನಾಗಿದೆ" ಅಂತಾರೆ. ಎಲ್ಲಿ ತಪ್ಪಿದೆ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನೂ ಮನಸ್ಸಿನಲ್ಲೇ ಇಟ್ಟುಕೊಂಡು ಬರುತ್ತಾರೆ. ಇನ್ನೂ ಒಳ್ಳೆಯ ಮರ ತರಬೇಕು, ಇನ್ನೊಂದಿಷ್ಟು ಮನೆ ಕೂರಿಸಬೇಕು ಅಂತ. ಬೇಡ. ತಪ್ಪು ಮರದ್ದಲ್ಲ, ಮರ ನಿಂತಿರುವ ನೆಲದ್ದು.

ಹೊರಗೆ ಎಲ್ಲಾದರೂ ಹಳಿ ನೋಡಿದ್ದನ್ನು ನೆನಪು ಮಾಡಿಕೊಳ್ಳಿ. ಅಲ್ಲಿ ನೆಲ ಮೊದಲೇ ಇತ್ತು, ಹಳಿ ಆಮೇಲೆ ಬಂತು. ತಗ್ಗು ಸಿಕ್ಕಲ್ಲಿ ಮಣ್ಣು ಪೇರಿಸಿ ಏರಿ ಕಟ್ಟಿದರು, ದಿಬ್ಬ ಅಡ್ಡ ಬಂದಲ್ಲಿ ಕಡಿದು ದಾರಿ ಮಾಡಿದರು, ನೀರು ಹರಿಯುವಲ್ಲಿ ಮೋರಿ ಇಟ್ಟರು. ನಮ್ಮ ಮನೆಯಲ್ಲಿ ಆಗುವುದು ಪೂರ್ತಿ ಉಲ್ಟಾ. ಮೊದಲು ಸಪಾಟು ಹಲಗೆ, ಅದರ ಮೇಲೆ ಹಳಿ, ಆಮೇಲೆ ಉಳಿದ ಜಾಗದಲ್ಲಿ ಗುಡ್ಡ. ಅದಕ್ಕೇ ಆ ಗುಡ್ಡ ಮೇಜಿನ ಮೇಲೆ ಯಾರೋ ಬಿಟ್ಟುಹೋದ ಟೋಪಿ ಥರ ಕಾಣುತ್ತದೆ. ನಿಮ್ಮ ಸುರಂಗವನ್ನೇ ನೋಡಿ. ಪಕ್ಕದಲ್ಲಿ ಸುತ್ತಿಕೊಂಡು ಹೋಗಬಹುದಾದ ಗುಡ್ಡಕ್ಕೆ ಯಾರಾದರೂ ಸುರಂಗ ಕೊರೆಯುತ್ತಾರಾ? ನೋಡುವವರಿಗೆ ಇದನ್ನು ಬಾಯಿ ಬಿಟ್ಟು ಹೇಳಲು ಬರುವುದಿಲ್ಲ, ಆದರೆ ಕಣ್ಣಿಗೆ ಗೊತ್ತಾಗುತ್ತದೆ.

ಹಾಗಾಗಿ ಮೊದಲ ಕೆಲಸ ಗುಡ್ಡ ಎತ್ತುವುದಲ್ಲ, ನೆಲ ಇಳಿಸುವುದು. ಹಳಿಗಿಂತ ಕೆಳಗೆ ಏನಾದರೂ ಇರಲೇಬೇಕು. ಜಾಸ್ತಿ ಬೇಡ, ಎರಡು ಸೆಂಟಿಮೀಟರ್ ಸಾಕು. ಎಚ್‌ಓ ಅಂದರೆ 1:87, ನಿಜದ ಗಾತ್ರದ 87ರಲ್ಲಿ ಒಂದು ಪಾಲು, ಅಂದರೆ ಆ ಎರಡು ಸೆಂಟಿಮೀಟರ್ ಒಬ್ಬ ಮನುಷ್ಯನ ಎತ್ತರ. ಒಂದು ಚಿಕ್ಕ ಹಳ್ಳ, ಅದರ ಮೇಲೊಂದು ಮೋರಿ, ಅಷ್ಟಕ್ಕೆ ಹಳಿ 'ಹಾದುಹೋಗುತ್ತಿದೆ' ಅನ್ನಿಸಲು ಶುರುವಾಗುತ್ತದೆ. ಹೊಸದಾಗಿ ಕಟ್ಟುವವರು ಪ್ಲೈವುಡ್ ಮೇಲೆ ಐದು ಸೆಂಟಿಮೀಟರ್ ದಪ್ಪದ ಗಟ್ಟಿ ಫೋಮ್ ಹಾಳೆ ಹಾಕಿ ಅದರ ಮೇಲೆ ಹಳಿ ಇಟ್ಟರೆ, ಬೇಕಾದಲ್ಲಿ ಚಾಕುವಿನಿಂದ ಕೆಳಕ್ಕೆ ಕೆತ್ತಬಹುದು. ಈಗಾಗಲೇ ಪ್ಲೈವುಡ್ ಮೇಲೇ ಹಳಿ ಇದ್ದರೆ, ಹಳಿಯ ಎರಡೂ ಬದಿ ಗರಗಸ ಓಡಿಸಿ, ಹಳಿ ಇರುವ ಪಟ್ಟಿಯನ್ನು ಮಾತ್ರ ಮರದ ತುಂಡು ಕೊಟ್ಟು ಮೇಲೆತ್ತಬಹುದು. ಎತ್ತುವಾಗ ಏರು ನೂರಕ್ಕೆ ಎರಡರ ಒಳಗೇ ಇರಲಿ, ಅಂದರೆ ಒಂದು ಮೀಟರ್ ಉದ್ದಕ್ಕೆ ಎರಡು ಸೆಂಟಿಮೀಟರ್. ಅದಕ್ಕಿಂತ ಜಾಸ್ತಿಯಾದರೆ ಉದ್ದದ ಗಾಡಿ ಎಳೆಯಲು ಎಂಜಿನ್ ಪರದಾಡುತ್ತದೆ.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಜಾನ್ ಅಲೆನ್ ಲೇಔಟಿನ ಹಳೇ ಫೋಟೊಗಳು. ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ತನ್ನ ಮನೆಯ ಕೆಳಗಿನ ಕೋಣೆಯಲ್ಲಿ ಆತ ಕಟ್ಟಿದ ರೈಲು ಅದು. ಬೆಟ್ಟಗಳು ನೆಲದಿಂದ ಎದ್ದು ಸೂರಿನವರೆಗೆ ಹೋಗುತ್ತವೆ, ಹಳಿ ಎಲ್ಲೋ ನಡುವೆ ಸೇತುವೆಗಳ ಮೇಲೆ ಪುಟ್ಟದಾಗಿ ಹಾದುಹೋಗುತ್ತದೆ. ಆ ರೈಲಿಗೆ ಇಟ್ಟ ಹೆಸರು ಓದಿದರೆ 'ಗೋರಿ ಅಂಡ್ ಡಿಫೀಟೆಡ್' ಅಂತ ಕೇಳಿಸುತ್ತದೆ, ಇಂಗ್ಲಿಷಿನಲ್ಲಿ ರಕ್ತ ಹರಿದು ಸೋತುಹೋದದ್ದು ಅಂತ ಅರ್ಥ ಬರುವ ತಮಾಷೆ. ಕನ್ನಡದ ಕಿವಿಗೆ ಆ 'ಗೋರಿ' ಇನ್ನೊಂದೇ ಥರ ಕೇಳಿಸುತ್ತದೆ, ಬಿಡಿ. 1973ರ ಜನವರಿಯಲ್ಲಿ ಅಲೆನ್ ತೀರಿಕೊಂಡ, ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಲೇಔಟ್ ಬಹುಪಾಲು ಹಾಳಾಯಿತು. ಫೋಟೊ ಉಳಿದಿವೆ. ನೋಡಿ, ಅಲ್ಲಿ ರೈಲು ಬೆಟ್ಟದ ಅತಿಥಿ.

ಇನ್ನು ಇಳಿಜಾರು. ಸಡಿಲ ಮಣ್ಣನ್ನು ಸುಮ್ನೆ ಸುರಿದರೆ ಸುಮಾರು 35 ಡಿಗ್ರಿಗಿಂತ ಕಡಿದಾಗಿ ನಿಲ್ಲುವುದಿಲ್ಲ, ಜಾರಿಬಿಡುತ್ತದೆ. ಲೇಔಟಿನಲ್ಲಿ ಜಾಗ ಕಮ್ಮಿ ಅಂತ ನಾವು 60 ಡಿಗ್ರಿ ಇಳಿಜಾರು ಮಾಡಿ ಅದಕ್ಕೂ ಹುಲ್ಲು ಅಂಟಿಸುತ್ತೇವೆ. ಜಾಗ ಇಲ್ಲದಿದ್ದರೆ ಅಲ್ಲಿ ಬಂಡೆ ತೋರಿಸಿ, ಇಲ್ಲವೇ ಕಲ್ಲಿನ ತಡೆಗೋಡೆ ಕಟ್ಟಿ. ನಿಜವಾದ ಎಂಜಿನಿಯರ್ ಮಾಡುತ್ತಿದ್ದುದೂ ಅದನ್ನೇ ಅಲ್ವಾ?

ಗುಡ್ಡದ ಮೈ ಮಾಡಲು ನನಗೆ ಈಗಲೂ ಹಳೇ ದಾರಿಯೇ ಇಷ್ಟ. ರಟ್ಟಿನ ಪಟ್ಟಿಗಳನ್ನು ಬುಟ್ಟಿ ಹೆಣೆದ ಹಾಗೆ ಹೆಣೆದು, ಅದರ ಮೇಲೆ ಪ್ಲಾಸ್ಟರ್ ಪುಡಿ ಮೆತ್ತಿದ ಬಟ್ಟೆ ನೀರಲ್ಲಿ ಅದ್ದಿ ಎರಡು ಪದರ ಹಾಸುವುದು. ಹಗುರ, ಗಟ್ಟಿ. ಫೋಮ್ ಪದರ ಪೇರಿಸಿ ಕೆತ್ತುವವರು ಎರಡು ವಿಷಯ ನೆನಪಿಡಿ. ಸಾಲ್ವೆಂಟ್ ಇರುವ ಗೋಂದು, ಸ್ಪ್ರೇ ಪೇಂಟ್ ಎರಡೂ ಫೋಮನ್ನು ತಿಂದುಹಾಕುತ್ತವೆ. ಬಿಳಿ ಗೋಂದು ತಿನ್ನುವುದಿಲ್ಲ, ಆದರೆ ಎರಡು ದೊಡ್ಡ ಹಾಳೆಗಳ ನಡುವೆ ಗಾಳಿ ಆಡದೆ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮತ್ತೆ, ಪ್ಲಾಸ್ಟರ್ ಕಲಸುವಾಗಲೇ ಒಂದಿಷ್ಟು ಕಂದು ಬಣ್ಣ ಸೇರಿಸಿಬಿಡಿ. ನಾನು ಸೇರಿಸಿರಲಿಲ್ಲ. ಎಲ್ಲ ಮುಗಿದು ಬಲ್ಬ್ ಬದಲಿಸಲು ಹೋದಾಗ ಮೊಣಕೈ ತಗುಲಿ ಗುಡ್ಡದ ತುದಿ ಚೂರು ಒಡೆಯಿತು, ಹಸಿರು ಬೆಟ್ಟದ ನೆತ್ತಿಯಲ್ಲಿ ಸುಣ್ಣದಂಥ ಬಿಳಿ ಮಚ್ಚೆ. ಎಷ್ಟು ತೇಪೆ ಹಚ್ಚಿದರೂ ನನ್ನ ಕಣ್ಣಿಗೆ ಅದೊಂದೇ ಕಾಣುತ್ತಿತ್ತು.

ಸುರಂಗ ಉಳಿಸಿಕೊಳ್ಳುವುದಾದರೆ ಮುಚ್ಚುವ ಮೊದಲು ನಿಮ್ಮಲ್ಲಿರುವ ಅತಿ ಉದ್ದದ ರೈಲು ಡಬ್ಬಿ ಓಡಿಸಿ ನೋಡಿ. ತಿರುವಿನಲ್ಲಿ ಡಬ್ಬಿಯ ಹೊಟ್ಟೆ ಒಳಬದಿಗೆ, ತುದಿಗಳು ಹೊರಬದಿಗೆ ಚಾಚುತ್ತವೆ. ಒಳಗೆ ಹಳಿ ತಪ್ಪಿದರೆ ಕೈ ಹೋಗುವಂತೆ ಹಿಂದೆ ಕಿಂಡಿ ಇರಲಿ. ಯಾವಾಗಲೋ ಒಮ್ಮೆ ತಪ್ಪೇ ತಪ್ಪುತ್ತದೆ.

ಎರಡನೇ ಅಪರಾಧಿ ಬಣ್ಣ. ನೀವು ಅಂಟಿಸಿದ ಹುಲ್ಲಿನ ಹಾಸು ಒಂದೇ ಹಸಿರು, ಗೋಡೆಯಿಂದ ಗೋಡೆಗೆ. ಹೊರಗಿನ ನೆಲದಲ್ಲಿ ಹಸಿರಿಗಿಂತ ಒಣಗಿದ ಹಳದಿ, ಮಣ್ಣಿನ ಕಂದು, ಬೂದು ಇವೇ ಜಾಸ್ತಿ. ಹಸಿರಿಗೂ ಹತ್ತು ಬಗೆ. ಇನ್ನೊಂದು, ನಾವು ಲೇಔಟನ್ನು ನೋಡುವುದು ನಿಜದ ಲೆಕ್ಕದಲ್ಲಿ ದೂರದಿಂದ. ಒಂದು ಮೀಟರ್ ದೂರ ನಿಂತರೆ ಅದು 87 ಮೀಟರ್ ದೂರ ನಿಂತ ಹಾಗೆ. ದೂರದ ವಸ್ತುವಿನ ಬಣ್ಣ ಗಾಳಿಯ ಮಂಜಿನಲ್ಲಿ ಮಾಸುತ್ತದೆ. ಹಾಗಾಗಿ ಡಬ್ಬಿಯಿಂದ ತೆಗೆದ ಬಣ್ಣವನ್ನು ಹಾಗೇ ಬಳಿದರೆ ಕಣ್ಣಿಗೆ ಹೊಡೆಯುತ್ತದೆ. ಸ್ವಲ್ಪ ಬಿಳಿ ಅಥವಾ ಬೂದು ಬೆರೆಸಿ ತಣಿಸಬೇಕು. ಹಿಂಬದಿಯ ಬೆಟ್ಟ ಇನ್ನೂ ಪೇಲವ, ಇನ್ನೂ ನೀಲಿ. ಹಿಂದಿನ ಗೋಡೆಯ ಆಕಾಶ ದಿಗಂತದ ಹತ್ತಿರ ಬೆಳ್ಳಗೆ, ಮೇಲೆ ಹೋದಂತೆ ನೀಲಿ. ಮೋಡ ಬರೆಯಲು ಬರದಿದ್ದರೆ ಬರೆಯಬೇಡಿ. ಬಣ್ಣ ಆರಿಸುವಾಗ ಲೇಔಟ್ ಮೇಲೆ ಉರಿಯುವ ದೀಪದ ಕೆಳಗೇ ಕೂತು ಆರಿಸಿ. ಹಗಲಲ್ಲಿ ಚೆನ್ನಾಗಿದ್ದ ಕಂದು ರಾತ್ರಿ ಕೆಂಪಾಗಿರುತ್ತದೆ.

ಬಂಡೆಗೆ ಬಣ್ಣ ಕೊಡುವುದು ಮಾತ್ರ ಕಷ್ಟವೇ ಇಲ್ಲ. ಮೊದಲು ತಿಳಿ ಬೂದು. ಒಣಗಿದ ಮೇಲೆ ಕಪ್ಪನ್ನು ನೀರಿನಷ್ಟೇ ತೆಳ್ಳಗೆ ಮಾಡಿ ಮೇಲಿಂದ ಬಿಟ್ಟರೆ ಅದೇ ಬಿರುಕುಗಳನ್ನು ಹುಡುಕಿಕೊಂಡು ಇಳಿಯುತ್ತದೆ. ಕೊನೆಗೆ ಬ್ರಷ್‌ನಲ್ಲಿರುವ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಲವಲೇಶ ಬಿಳಿಯನ್ನು ಅಂಚುಗಳ ಮೇಲೆ ಸವರಿ. ಅರ್ಧ ಗಂಟೆಯಲ್ಲಿ ಪ್ಲಾಸ್ಟರ್ ಕಲ್ಲಾಗುತ್ತದೆ.

ಈಗ ಜಲ್ಲಿ. ಬಹಳ ಜನ ಎಡವುವ ಜಾಗ ಇದು. ನಿಜವಾದ ಹಳಿಯ ಕೆಳಗಿನ ಜಲ್ಲಿ ಹೆಚ್ಚುಕಡಿಮೆ 25ರಿಂದ 65 ಮಿಲಿಮೀಟರ್. 87ರಿಂದ ಭಾಗಿಸಿ. ಅತಿ ದೊಡ್ಡ ಕಲ್ಲು ಕೂಡ ಒಂದು ಮಿಲಿಮೀಟರ್ ದಾಟುವುದಿಲ್ಲ. ಎರಡು ಮಿಲಿಮೀಟರಿನ ಹರಳು ಹಾಕಿದರೆ ಹಳಿ ಮಧ್ಯೆ ಫುಟ್‌ಬಾಲ್‌ಗಿಂತ ಚೂರು ಚಿಕ್ಕ ಗುಂಡುಕಲ್ಲು ಇಟ್ಟ ಹಾಗೆ. ಎನ್ ಸ್ಕೇಲ್, ಅಂದರೆ 1:160 ಆದರೆ ಇನ್ನೂ ಸಣ್ಣದು ಬೇಕು. ಮರಳು ಜರಡಿ ಹಿಡಿದು ಬಳಸಬಹುದು, ಆದರೆ ಮೊದಲು ಅದರಲ್ಲಿ ಒಂದು ಅಯಸ್ಕಾಂತ ಆಡಿಸಿ. ಕಬ್ಬಿಣದ ಕಣ ಎಷ್ಟು ಅಂಟಿಕೊಂಡು ಬರುತ್ತವೆ ನೋಡಿದರೆ ಗಾಬರಿಯಾಗುತ್ತದೆ. ಅವನ್ನು ಬಿಟ್ಟರೆ ಒಂದಲ್ಲ ಒಂದು ದಿನ ಎಂಜಿನ್ ಮೋಟಾರಿನ ಒಳಗೆ ಸೇರಿಕೊಳ್ಳುತ್ತವೆ.

ಜಲ್ಲಿಗೂ ಮುಂಚೆ ಹಳಿಯ ಪಕ್ಕಗಳಿಗೆ ತುಕ್ಕಿನ ಬಣ್ಣ ಬಳಿಯಿರಿ, ಸ್ಲೀಪರ್‌ಗಳ, ಅಂದರೆ ಹಳಿಯ ಕೆಳಗಿನ ಅಡ್ಡಪಟ್ಟಿಗಳ ಪ್ಲಾಸ್ಟಿಕ್ ಹೊಳಪು ಹೋಗುವ ಹಾಗೆ ಮಂಕು ಬೂದು ಕೊಡಿ. ಮೇಲ್ಭಾಗವನ್ನು ಮಾತ್ರ ಕೂಡಲೇ ಒರೆಸಿಬಿಡಬೇಕು, ಕರೆಂಟ್ ಅಲ್ಲಿಂದಲೇ ಹೋಗುವುದು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಬದಲಾವಣೆ ಕೊಡುವುದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಜಲ್ಲಿಯನ್ನು ಚಮಚದಲ್ಲಿ ಸುರಿದು ಮೆತ್ತನೆ ಬ್ರಷ್‌ನಿಂದ ಸ್ಲೀಪರ್‌ಗಳ ನಡುವೆ ತಳ್ಳಿ. ಸ್ಲೀಪರ್ ತಲೆ ಕಾಣುತ್ತಿರಬೇಕು. ಆಮೇಲೆ ಒಂದು ಪಾಲು ಬಿಳಿ ಗೋಂದು, ಎರಡು ಪಾಲು ನೀರು, ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ. ಈ ಸೋಪನ್ನು ಸುಮಾರು ಜನ ಬಿಟ್ಟುಬಿಡುತ್ತಾರೆ. ಬಿಟ್ಟು ನೋಡಿ, ಹನಿ ಬಿದ್ದ ಕೂಡಲೇ ಮುತ್ತಿನ ಹಾಗೆ ಗುಂಡಗೆ ನಿಲ್ಲುತ್ತದೆ, ಪಕ್ಕದ ಹರಳುಗಳನ್ನು ಮೈಗೆ ಮೆತ್ತಿಕೊಂಡು ಉರುಳುತ್ತದೆ, ಅದು ಉರುಳಿದ ಜಾಗದಲ್ಲೊಂದು ಗುಳಿ. ಸೋಪು ಇದ್ದರೆ ಹನಿ ಮುಟ್ಟಿದ್ದೇ ತಡ ಚಪ್ಪಟೆಯಾಗಿ ಜಲ್ಲಿಯೊಳಗೆ ಇಂಗಿಹೋಗುತ್ತದೆ, ಒಂದು ಹರಳೂ ಅಲುಗುವುದಿಲ್ಲ. ಗೋಂದಿಗೂ ಮುಂಚೆ ಬರೀ ಸೋಪುನೀರನ್ನು ದೂರದಿಂದ ಮಂಜಿನಂತೆ ಸಿಂಪಡಿಸಿದರೆ ಇನ್ನೂ ಒಳ್ಳೆಯದು. ಒಂದು ರಾತ್ರಿ ಮುಟ್ಟಬೇಡಿ.

ಹಳಿ ಬದಲಾಯಿಸುವ ಪಾಯಿಂಟ್‌ಗಳ ಹತ್ತಿರ ಮಾತ್ರ ಗೋಂದು ಹಾಕುವಾಗ ಉಸಿರು ಬಿಗಿಹಿಡಿಯಿರಿ. ನನ್ನ ಮೊದಲ ಲೇಔಟಿನಲ್ಲಿ ಒಂದು ಪಾಯಿಂಟ್ ಬೆಳಗಾಗುವಷ್ಟರಲ್ಲಿ ಸಿಮೆಂಟ್ ಹಾಕಿದ ಹಾಗೆ ಕೂತುಬಿಟ್ಟಿತ್ತು. ಕೆದಕಲು ಹೋಗಿ ಆ ತೆಳ್ಳನೆ ಅಲಗನ್ನೇ ಮುರಿದೆ. ಈಗ ಅಲ್ಲಿ ಜಲ್ಲಿ ಕಮ್ಮಿ ಹಾಕುತ್ತೇನೆ, ಅಲುಗುವ ಭಾಗದ ಕೆಳಗೆ ಬರೀ ಬಣ್ಣ.

ಹುಲ್ಲಿನ ಹಾಸಿನ ಬದಲು ಸ್ಟ್ಯಾಟಿಕ್ ಗ್ರಾಸ್ ಪ್ರಯತ್ನಿಸಿ. ನೈಲಾನಿನ ಸಣ್ಣ ಎಳೆಗಳಿವು. ಅವನ್ನು ಉದುರಿಸುವ ಯಂತ್ರದ ಜರಡಿಗೂ ನೆಲಕ್ಕೆ ಚುಚ್ಚಿದ ಮೊಳೆಗೂ ನಡುವೆ ಹೆಚ್ಚು ವೋಲ್ಟೇಜ್ ಇರುತ್ತದೆ, ಎಳೆಗಳಿಗೆ ಚಾರ್ಜ್ ಹತ್ತಿ ಅವು ನೆಟ್ಟಗೆ ಹಾರಿ ಹಸಿ ಗೋಂದಿನಲ್ಲಿ ನಿಂತುಬಿಡುತ್ತವೆ. ಉದ್ದದ ಲೆಕ್ಕ ನೋಡಿಕೊಳ್ಳಿ. ಎರಡು ಮಿಲಿಮೀಟರ್ ಎಳೆ ಅಂದರೆ ಗೇಣುದ್ದಕ್ಕಿಂತ ಸ್ವಲ್ಪ ಕಮ್ಮಿ ಹುಲ್ಲು, ಆರು ಮಿಲಿಮೀಟರ್ ಅಂದರೆ ಮೊಣಕಾಲು ಮುಟ್ಟುವ ಹುಲ್ಲು. ಎರಡನ್ನೂ ಬೆರೆಸಿ, ಅಲ್ಲಲ್ಲಿ ಬಿಟ್ಟು ಬಿಟ್ಟು ಹಾಕಿ. ಜನ ನಡೆಯುವ ಕಡೆ ಬರೀ ಮಣ್ಣು ಕಾಣಲಿ.

ಮರ ಬೇಡ ಅಂದೆನಲ್ಲ, ಈಗ ಮರದ ಮಾತು. 15 ಮೀಟರ್ ಎತ್ತರದ ಸಾಧಾರಣ ಮರ ಎಚ್‌ಓದಲ್ಲಿ 17 ಸೆಂಟಿಮೀಟರ್ ಆಗುತ್ತದೆ. ಪ್ಯಾಕೆಟ್ಟಿನಲ್ಲಿ ಸಿಗುವ ಎಷ್ಟೋ ಮರ ಅದರ ಅರ್ಧ. ಮುಂದೆ ಎರಡು ಮೂರು ದೊಡ್ಡ ಮರ ನಿಲ್ಲಿಸಿ ಚಿಕ್ಕವನ್ನು ಹಿಂದಕ್ಕೆ ತಳ್ಳಿ, ದೂರ ಇದ್ದ ಹಾಗೆ ಕಾಣುತ್ತವೆ. ಕಾಡಿಗೆ ಮುಂದಿನ ಸಾಲಿಗಷ್ಟೇ ಕಾಂಡ ಬೇಕು, ಹಿಂದೆ ಬರೀ ತಲೆಗಳು ಸಾಕು. ಬುಡದಲ್ಲಿ ಒಂದಿಷ್ಟು ತರಗೆಲೆ ಪುಡಿ ಅಂಟಿಸಿ, ಇಲ್ಲದಿದ್ದರೆ ಗುಂಡುಸೂಜಿ ಚುಚ್ಚಿದ ಹಾಗಿರುತ್ತದೆ.

ನೀರಿನ ಬಗ್ಗೆ ಒಂದೇ ಮಾತು. ನೀರಿನ ಹಾಗೆ ಕಾಣಲು ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ದ್ರವ) ಸುರಿಯುವ ಮೊದಲು ತಳದ ಒಂದೊಂದು ಸೂಜಿತೂತನ್ನೂ ಮುಚ್ಚಿ. ಸಿಕ್ಕಿದ ಕಿಂಡಿಯಲ್ಲೆಲ್ಲ ಇಳಿದು ನೆಲದ ಮೇಲೆ ಕೆರೆ ಮಾಡುತ್ತದೆ ಅದು.

ಮಧ್ಯೆ ಮಧ್ಯೆ ಫೋನನ್ನು ಹಳಿ ಪಕ್ಕ, ಪುಟ್ಟ ಮನುಷ್ಯನ ಕಣ್ಣಿನ ಎತ್ತರಕ್ಕೆ ಹಿಡಿದು ಫೋಟೊ ತೆಗೆಯಿರಿ. ಮೇಲಿಂದ ನೋಡುವಾಗ ಕಾಣದ ಮನೆಯ ತಳದ ಸಂದು, ನೆಲ ಮುಟ್ಟದ ಬೇಲಿ, ಹೊಳೆಯುವ ಗೋಂದಿನ ಕಲೆ, ಎಲ್ಲ ಅದರಲ್ಲಿ ಸಿಕ್ಕಿಬೀಳುತ್ತವೆ.

ಹಾಗಾದರೆ ಎಲ್ಲ ಕಿತ್ತು ಹಾಕಬೇಕಾ ಅಂತ ಕೇಳುತ್ತೀರಿ. ಬೇಡ, ಒಂದು ಅಡಿ ಉದ್ದದ ಜಾಗ ಆರಿಸಿಕೊಳ್ಳಿ, ಸುರಂಗದ ಬಾಯಿಯ ಹತ್ತಿರವಾದರೆ ಒಳ್ಳೆಯದು. ಹಾಸನ್ನು ಬಿಳಿ ಗೋಂದಿನಿಂದಲೇ ಅಂಟಿಸಿದ್ದರೆ ಕೆಲಸ ಸುಲಭ. ಮೊದಲು ಕರೆಂಟ್ ತೆಗೆದು, ಬಿಸಿನೀರಿಗೆ ಸೋಪು ಹಾಕಿ ಚೆನ್ನಾಗಿ ನೆನೆಸಿ, ಅರ್ಧ ಗಂಟೆ ಬಿಡಿ. ಆಮೇಲೆ ಪುಟ್ಟಿ ಚಾಕುವನ್ನು ಮಲಗಿಸಿ ಕೆಳಗೆ ತೂರಿಸಿದರೆ ಹಾಸು ಚರ್ಮದ ಹಾಗೆ ಎದ್ದುಬರುತ್ತದೆ. ಪ್ಲೈವುಡ್ ಪೂರ್ತಿ ಒಣಗಿದ ಮೇಲೆಯೇ ಗರಗಸ ಹಿಡಿಯಿರಿ, ಅದರ ಕೆಳಗೆ ಎಲ್ಲೆಲ್ಲಿ ವೈರ್ ಹೋಗಿದೆ ಅಂತ ಬಗ್ಗಿ ನೋಡಿಕೊಂಡು.